ಕಿವಿ ಕಟ್ಟಿದ್ದು ಬೇರೆ, ಕಿವಿಯೊಳಗಿನ ಸದ್ದು ಬೇರೆ: ದಾವಣಗೆರೆಯ ಒಂದು ಕಿವಿ ಕ್ಲಿನಿಕ್ ಬಗ್ಗೆ

ಕಿವಿ ಕಟ್ಟಿಕೊಂಡು ಒಳಗೆ ಸದಾ ಗುಂಯ್ ಅನ್ನುತ್ತಿದ್ದರೆ ಪಿ.ಜೆ. ಬಡಾವಣೆಯ ಈ ಕ್ಲಿನಿಕ್‌ಗೆ ಧೈರ್ಯವಾಗಿ ಹೋಗಿ. ಕೆಳಗೆ ಮೆಡಿಕಲ್ ಶಾಪ್, ಮೇಲಿನ ಮಹಡಿಯಲ್ಲಿ ಕ್ಲಿನಿಕ್. ಕಿವಿ, ಮೂಗು, ಗಂಟಲಿನ ಡಾಕ್ಟರ್ ಒಬ್ಬರಿದ್ದಾರೆ. ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಒಬ್ಬರಿದ್ದಾರೆ. ಇಬ್ಬರೂ ಅಕ್ಕಪಕ್ಕದ ಕೋಣೆಯಲ್ಲೇ ಕೂರುತ್ತಾರೆ. ನನ್ನಂಥವರಿಗೆ ಇದು ದೊಡ್ಡ ಅನುಕೂಲ.

ಸದ್ದು ಪೂರ್ತಿ ಹೋಯಿತಾ ಅಂತ ಕೇಳಿದರೆ, ಇಲ್ಲ. ಹೋಗುವುದಿಲ್ಲ ಅಂತ ಅವರು ಮೊದಲ ದಿನವೇ ಹೇಳಿದ್ದರು. ಆದರೂ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಯಾಕೆ ಕಳೆದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ನಿಟ್ಟುವಳ್ಳಿಯಲ್ಲಿ ನಮ್ಮದು ಹಿಟ್ಟಿನ ಗಿರಣಿ. ಜೋಳ, ರಾಗಿ, ಗೋಧಿಗೆ ಒಂದು ಮಿಷನ್, ಖಾರದ ಪುಡಿಗೆ ಇನ್ನೊಂದು. ಮದುವೆಯಾಗಿ ಬಂದಾಗಿನಿಂದ ನಾನು ಆ ಮಿಷನ್‌ಗಳ ಪಕ್ಕದಲ್ಲೇ ನಿಂತು ಕೆಲಸ ಮಾಡಿದ್ದೇನೆ. ಈಗ ನನಗೆ 57. ಹೋದ ಮಳೆಗಾಲದಲ್ಲಿ ಬಲಗಿವಿ ಕಟ್ಟಿಕೊಂಡಿತು. ನನ್ನ ಮಾತೇ ನನಗೆ ತಲೆಯೊಳಗೆ ಕೇಳುತ್ತಿತ್ತು. ಅದಕ್ಕೂ ಎಷ್ಟೋ ಮೊದಲಿನಿಂದ ಎರಡೂ ಕಿವಿಯಲ್ಲಿ ಸಣ್ಣ ಸೀಟಿಯ ಸದ್ದು ಇತ್ತು. ಹಗಲು ಗಿರಣಿ ಗದ್ದಲದಲ್ಲಿ ಗೊತ್ತಾಗುತ್ತಿರಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಅದೊಂದೇ ಕೇಳುವುದು. ನಿದ್ದೆ ಕೆಟ್ಟು, ಬೆಳಿಗ್ಗೆ ಗಿರಾಕಿಗಳ ಮೇಲೆ ಸಿಡುಕುವಂತಾಗಿತ್ತು.

ಇಲ್ಲಿಗೆ ಬರುವ ಮೊದಲು ಬೇರೆ ಒಂದು ಕಡೆ ತೋರಿಸಿದ್ದೆವು. ಅವರು ಕುರ್ಚಿಯಿಂದ ಏಳಲಿಲ್ಲ. ವಯಸ್ಸಾಯಿತಲ್ಲಮ್ಮ, ಹೀಗೇ ಇರುತ್ತೆ ಅಂದು ವಿಟಮಿನ್ ಮಾತ್ರೆ ಬರೆದುಕೊಟ್ಟರು. ಕಿವಿ ಮಿಷನ್ ಮಾರುವ ಅಂಗಡಿಯೊಂದರಲ್ಲಿ ಕಿವಿಯೊಳಗೆ ಟಾರ್ಚ್ ಕೂಡ ಬಿಡದೆ, ಎರಡೂ ಕಿವಿಗೆ ಮಿಷನ್ ತಗೊಳ್ಳಿ, ಇವತ್ತೇ ತಗೊಂಡರೆ ರಿಯಾಯಿತಿ ಇದೆ ಅಂದರು. ನಮ್ಮನೆಯವರು ಎದ್ದು ಬಂದುಬಿಟ್ಟರು. ಒಳ್ಳೆಯದೇ ಆಯಿತು. ಕಿವಿಯಲ್ಲಿ ಗುಗ್ಗೆ ತುಂಬಿಕೊಂಡಿರುವಾಗ ಮಿಷನ್ ಹಾಕಿ ಏನು ಪ್ರಯೋಜನ?

ಈ ಕ್ಲಿನಿಕ್‌ನ ಡಾಕ್ಟರ್ ಮೊದಲು ಸುಮ್ಮನೆ ಕೂತು ಕೇಳಿಸಿಕೊಂಡರು. ಆಮೇಲೆ ಅವರ ಪ್ರಶ್ನೆಗಳು ಶುರುವಾದವು. ಏನು ಕೆಲಸ ಮಾಡುತ್ತೀರಿ? ಸದ್ದು ಒಂದೇ ಕಿವಿಯಲ್ಲೋ ಎರಡರಲ್ಲೂ ಇದೆಯೋ? ಒಂದೇ ಸಮ ಬರುತ್ತೋ, ಇಲ್ಲಾ ನಾಡಿ ಬಡಿದ ಹಾಗೆ ಡಬ್ ಡಬ್ ಅನ್ನುತ್ತೋ? ತಲೆ ಸುತ್ತು ಬರುತ್ತಾ? ಹಿಂದೆ ಟಿ.ಬಿ.ಗೆ ಇಂಜೆಕ್ಷನ್ ತಗೊಂಡಿದ್ದೀರಾ? ಬಿ.ಪಿ., ಶುಗರ್, ಥೈರಾಯ್ಡ್ ಇದೆಯಾ? ಯಾವ ಯಾವ ಮಾತ್ರೆ ನುಂಗುತ್ತೀರಿ? ಕಿವಿಗೂ ಟಿ.ಬಿ.ಗೂ ಏನು ಸಂಬಂಧ ಅಂತ ನಮ್ಮನೆಯವರು ಕೇಳಿದರು. ಹಿಂದೆ ಟಿ.ಬಿ.ಗೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಕೆಲವರ ಒಳಗಿವಿಯನ್ನು ಹಾಳು ಮಾಡಿದ್ದುಂಟು, ಅದಕ್ಕೇ ಕೇಳುತ್ತೇನೆ ಅಂದರು. ಆಸ್ಪಿರಿನ್ ಜಾಸ್ತಿ ಪ್ರಮಾಣದಲ್ಲಿ ತಗೊಂಡರೂ ಕಿವಿಯಲ್ಲಿ ಸದ್ದು ಬರುತ್ತಂತೆ. ಆದರೆ ಹೃದಯಕ್ಕೆ ಅಂತ ಡಾಕ್ಟರ್ ಕೊಟ್ಟ ಮಾತ್ರೆಯನ್ನು ಈ ಹೆದರಿಕೆಗೆ ನೀವಾಗಿಯೇ ನಿಲ್ಲಿಸಬಾರದು ಅಂತಲೂ ಹೇಳಿದರು.

ಆಮೇಲೆ ಒಂದು ಕಬ್ಬಿಣದ ಕವೆ ತೆಗೆದು ಮೊಣಕೈಗೆ ಬಡಿದು ನನ್ನ ಹಣೆ ಮಧ್ಯೆ ಇಟ್ಟರು. ಟ್ಯೂನಿಂಗ್ ಫೋರ್ಕ್ ಅದು. "ಯಾವ ಕಡೆ ಕೇಳುತ್ತಮ್ಮಾ?" ಅಂದರು. ಕಟ್ಟಿಕೊಂಡಿದ್ದ ಬಲಗಿವಿಯಲ್ಲೇ ಜೋರಾಗಿ ಕೇಳಿತು! ನನಗೆ ಆಶ್ಚರ್ಯ. ಅದು ಒಳ್ಳೆಯ ಗುರುತು ಅಂದರು. ಹೊರಗಿನ ದಾರಿ ಮುಚ್ಚಿ ಕಿವಿ ಕಟ್ಟಿದ್ದರೆ ಮೂಳೆಯ ಮೂಲಕ ಹೋದ ಸದ್ದು ಕಟ್ಟಿದ ಕಿವಿಯಲ್ಲೇ ಜಾಸ್ತಿ ಕೇಳುತ್ತದೆ. ಒಳಗಿನ ನರಕ್ಕೆ ಪೆಟ್ಟಾಗಿದ್ದರೆ ಚೆನ್ನಾಗಿರುವ ಕಿವಿಯ ಕಡೆಗೆ ಹೋಗುತ್ತದೆ. ಎರಡೇ ನಿಮಿಷದ ಪರೀಕ್ಷೆ. ಕರೆಂಟ್ ಬೇಡ, ಕಂಪ್ಯೂಟರ್ ಬೇಡ.

ಕ್ಯಾಮೆರಾ ಇರುವ ಸಣ್ಣ ಕೊಳವೆಯಲ್ಲಿ ನೋಡಿದಾಗ ಬಲಗಿವಿ ಪೂರ್ತಿ ಕಂದು ಬಣ್ಣದ ಗುಗ್ಗೆಯಿಂದ ತುಂಬಿತ್ತು. ಪರದೆ ಮೇಲೆ ನನಗೂ ತೋರಿಸಿದರು. ಗುಗ್ಗೆ ಅಂದರೆ ಕೊಳೆ ಅಲ್ಲ, ಕಿವಿಯ ಕಾವಲಿಗೆ ಚರ್ಮವೇ ಮಾಡಿಕೊಳ್ಳುವ ಮೇಣ ಅಂತ ವಿವರಿಸಿದರು. ಅದು ಹುಟ್ಟುವುದು ಕಿವಿ ದಾರಿಯ ಹೊರಭಾಗದಲ್ಲಿ ಮಾತ್ರ. ಚರ್ಮ ನಿಧಾನವಾಗಿ ಹೊರಗಡೆಗೆ ಸರಿಯುತ್ತಾ ಅದನ್ನೂ ತಳ್ಳಿಕೊಂಡು ಬರುತ್ತದೆ. ನಾವು ಅಗಿಯುವಾಗ, ಮಾತಾಡುವಾಗ ದವಡೆ ಆಡುವುದೂ ಇದಕ್ಕೆ ಸಹಾಯ. ಬಡ್ಸ್, ಸೇಫ್ಟಿ ಪಿನ್, ಬೈಕ್ ಕೀ ಹಾಕಿ ಕೆರೆದರೆ ಅದು ವಾಪಸ್ ಒಳಗೆ ಹೋಗಿ ಕಿವಿ ತಮಟೆಗೆ ಅಂಟಿಕೊಳ್ಳುತ್ತದೆ. ನನ್ನ ವಿಷಯದಲ್ಲಿ ಹಿಟ್ಟಿನ ಧೂಳೂ ಸೇರಿ ಗಟ್ಟಿಯಾಗಿತ್ತು.

ಅವತ್ತೇ ತೆಗೆಯಲಿಲ್ಲ. ಗಟ್ಟಿ ಇರುವಾಗ ಕೆದಕಿದರೆ ನೋವಾಗುತ್ತೆ, ಗಾಯವೂ ಆಗಬಹುದು ಅಂದರು. ಕರಗಿಸುವ ಡ್ರಾಪ್ಸ್ ಬರೆದುಕೊಟ್ಟರು. ದಿನಾ ಹಾಕಿಕೊಂಡು, ಪಕ್ಕಕ್ಕೆ ಮಲಗಿ ಸ್ವಲ್ಪ ಹೊತ್ತು ಇರಬೇಕು. ಒಂದು ಮುಖ್ಯ ಮಾತು ಮೊದಲೇ ಹೇಳಿ ಕಳಿಸಿದರು. ಡ್ರಾಪ್ಸ್ ಹಾಕಿದ ಮೇಲೆ ಗುಗ್ಗೆ ನೆನೆದು ಉಬ್ಬುತ್ತದೆ, ಕಿವಿ ಇನ್ನೂ ಜಾಸ್ತಿ ಕಟ್ಟುತ್ತದೆ, ಗಾಬರಿ ಆಗಬೇಡಿ ಅಂತ. ಹಾಗೇ ಆಯಿತು. ಈ ಮಾತು ಹೇಳದಿದ್ದರೆ ನಾನು ಖಂಡಿತ ಡ್ರಾಪ್ಸ್ ನಿಲ್ಲಿಸಿಬಿಡುತ್ತಿದ್ದೆ. ಕಿವಿ ಸೋರುವವರು, ತಮಟೆಯಲ್ಲಿ ತೂತು ಇರುವವರು ಮಾತ್ರ ಡಾಕ್ಟರ್ ನೋಡದೆ ಯಾವ ಡ್ರಾಪ್ಸೂ ಹಾಕಬಾರದು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಗೂ ಇದೇ ಮಾತು. ನಮ್ಮ ಅತ್ತೆಯವರು ಎಣ್ಣೆ ಬಟ್ಟಲು ಹಿಡಿದುಕೊಂಡೇ ನಿಂತಿದ್ದರು. ಡಾಕ್ಟರ್ ಹೇಳಿದ್ದನ್ನು ವಿವರಿಸಿದ ಮೇಲೆ ಒಪ್ಪಿಕೊಂಡರು.

ಮುಂದಿನ ಸಲ ನೀರು ಹಾಯಿಸಿ ತೆಗೆದರು. ನೀರು ಮೈ ಬಿಸಿಯಷ್ಟೇ ಬೆಚ್ಚಗಿರಬೇಕಂತೆ. ತಣ್ಣೀರೋ ತುಂಬಾ ಬಿಸಿ ನೀರೋ ಆದರೆ ಒಳಗಿವಿಯ ಸಮತೋಲ ಕೆಟ್ಟು ತಲೆ ತಿರುಗುತ್ತದೆ. ಪಾತ್ರೆಗೆ ಥರ್ಮಾಮೀಟರ್ ಹಾಕಿ ನೋಡಿಯೇ ಸಿರಿಂಜಿಗೆ ತುಂಬಿಕೊಂಡರು. ನನಗೆ ತಲೆ ಸುತ್ತಲಿಲ್ಲ, ನೋವೂ ಆಗಲಿಲ್ಲ. ಗುಗ್ಗೆ ಹೊರಗೆ ಬಂದಿದ್ದೇ ತಡ, ಕೆಳಗೆ ರಸ್ತೆಯಲ್ಲಿ ಹೋಗುವ ಆಟೋ, ಫ್ಯಾನಿನ ಸದ್ದು, ನನ್ನದೇ ಬಳೆ ಸದ್ದು ಎಲ್ಲಾ ಒಟ್ಟಿಗೆ ನುಗ್ಗಿ ಬಂತು. ಅಲ್ಲೇ ಕಣ್ಣಲ್ಲಿ ನೀರು ಬಂತು.

ಆದರೆ ಸೀಟಿ ಸದ್ದು ಹಾಗೇ ಇತ್ತು.

ಈ ಒಂದು ವಿಷಯಕ್ಕೇ ನಾನು ಇಷ್ಟುದ್ದ ಬರೆಯುತ್ತಿರುವುದು. ನನ್ನ ಹಾಗೆ ತುಂಬಾ ಜನ ಎರಡನ್ನೂ ಒಂದೇ ಕಾಯಿಲೆ ಅಂದುಕೊಂಡಿರುತ್ತಾರೆ. ಗುಗ್ಗೆ ತೆಗೆದರೆ ಸದ್ದೂ ಹೋಗುತ್ತೆ ಅಂತ ಕಾಯುತ್ತಾರೆ. ಕೆಲವರಿಗೆ ಹೋಗುವುದೂ ಉಂಟು, ಗುಗ್ಗೆಯಿಂದಲೇ ಸದ್ದು ಬಂದಿದ್ದರೆ. ನನ್ನದು ಹಾಗಲ್ಲ. ಕಿವಿ ಕಟ್ಟಿದ್ದು ಹೊರಗಿನ ತೊಂದರೆ, ವಾಸಿಯಾಯಿತು. ಸದ್ದು ಒಳಗಿನದು. ಅದರ ಮದ್ದೇ ಬೇರೆ. ಎರಡನ್ನೂ ಬಿಡಿಸಿ ಹೇಳುವ ಡಾಕ್ಟರ್ ಸಿಗುವವರೆಗೂ ನಾನು ಸುಮ್ನೆ ಅಲೆದಾಡಿದ್ದೆ.

ಪಕ್ಕದ ಕೋಣೆಯ ಆಡಿಯಾಲಜಿಸ್ಟ್ ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರಂತೆ. ಸದ್ದು ಬಾರದ ಸಣ್ಣ ಗೂಡಿನಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ದಪ್ಪ ಸದ್ದಿನಿಂದ ಶುರುವಾಗಿ ಸೀಟಿಯಂಥ ತೆಳು ಸದ್ದಿನವರೆಗೂ, ಅಂದರೆ 250 ಹರ್ಟ್ಸ್‌ನಿಂದ 8000 ಹರ್ಟ್ಸ್‌ವರೆಗೂ ನೋಡುತ್ತಾರೆ. ಆಮೇಲೆ ತುಟಿ ಕಾಣದ ಹಾಗೆ ಬಾಯಿಗೆ ಅಡ್ಡ ಹಿಡಿದುಕೊಂಡು ಕನ್ನಡ ಪದಗಳನ್ನು ಒಂದೊಂದಾಗಿ ಹೇಳಿದರು, ನಾನು ವಾಪಸ್ ಹೇಳಬೇಕು. ಕಿವಿಗೆ ರಬ್ಬರ್ ಮುಚ್ಚಳ ಇಟ್ಟು ಗಾಳಿಯ ಒತ್ತಡ ಕೊಟ್ಟು ತಮಟೆ ಸರಿಯಾಗಿ ಆಡುತ್ತಿದೆಯಾ ಅಂತಲೂ ನೋಡಿದರು. ಅದಕ್ಕೆ ಇಂಪಿಡೆನ್ಸ್ ಟೆಸ್ಟ್ ಅನ್ನುತ್ತಾರೆ. ನೆಗಡಿಯಿಂದ ಕಿವಿ ಕಟ್ಟಿದವರಿಗೆ ಈ ಟೆಸ್ಟ್ ತುಂಬಾ ಉಪಯೋಗ. ತಮಟೆ ಹಿಂದೆ ನೀರು ನಿಂತಿದ್ದರೆ ಇದರಲ್ಲೇ ಗೊತ್ತಾಗುತ್ತದೆ.

ಬಂದ ಚೀಟಿಯಲ್ಲಿ ಎರಡೂ ಕಿವಿಯ ಗೆರೆ ಚೆನ್ನಾಗಿಯೇ ಹೋಗುತ್ತಾ ಹೋಗುತ್ತಾ 4000 ಹರ್ಟ್ಸ್ ಹತ್ತಿರ ದಿಢೀರ್ ಅಂತ ಕೆಳಗೆ ಬಿದ್ದಿತ್ತು. 8000ದ ಹತ್ತಿರ ಮತ್ತೆ ಸ್ವಲ್ಪ ಮೇಲೆ ಬಂದಿತ್ತು. "ಆಂಟಿ, ಗೆರೆಯಲ್ಲಿ ಈ ತಗ್ಗು ಇದೆಯಲ್ಲ, ಇದು ಜೋರು ಸದ್ದಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರ ಗುರುತು" ಅಂದರು.

ನನಗೆ ತಕ್ಷಣ ಅಪ್ಪ ನೆನಪಾದರು. ಅವರು ಇಲ್ಲಿನ ಕಾಟನ್ ಮಿಲ್ಲಿನಲ್ಲಿ ಮಗ್ಗದ ವಿಭಾಗದಲ್ಲಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಅದು. ಮನೆಯಲ್ಲಿ ಅಪ್ಪ ಮಾತಾಡಿದರೆ ಬೀದಿಗೆಲ್ಲಾ ಕೇಳುತ್ತಿತ್ತು. ಸಿಟ್ಟಿನ ಮನುಷ್ಯ ಅಂತ ಎಲ್ಲರೂ ಹೇಳುತ್ತಿದ್ದರು. ಅವರ ಜೊತೆ ಕೆಲಸ ಮಾಡಿದವರೂ ಹಾಗೇ ಕೂಗಿ ಮಾತಾಡುತ್ತಿದ್ದರು. ರಾತ್ರಿ ಎದ್ದು ಅಂಗಳದಲ್ಲಿ ಓಡಾಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಅವರ ಕಿವಿಯಲ್ಲೂ ಸದ್ದು ಇತ್ತೇನೋ. ಯಾರೂ ಅವರಿಗೆ ಟೆಸ್ಟ್ ಮಾಡಿಸಲಿಲ್ಲ, ಯಾರೂ ಕೇಳಲೂ ಇಲ್ಲ. ಮಿಲ್ಲುಗಳು ಮುಚ್ಚಿ ಎಷ್ಟೋ ವರ್ಷ ಆದವು. ಅಲ್ಲಿ ದುಡಿದವರು ಇನ್ನೂ ನಮ್ಮ ಊರಿನ ಗಲ್ಲಿಗಲ್ಲಿಯಲ್ಲಿ ಇದ್ದಾರೆ. ನಿಮ್ಮ ಮನೆಯಲ್ಲಿ ಅಂಥ ಹಿರಿಯರು ಇದ್ದರೆ ದಯವಿಟ್ಟು ಒಂದು ಸಲ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿ.

ಸದ್ದು ಹೇಗೆ ಹುಟ್ಟುತ್ತೆ ಅನ್ನುವುದನ್ನು ಆ ಹುಡುಗಿ ಚಿತ್ರ ಬರೆದು ಹೇಳಿದರು. ಒಳಗಿವಿಯಲ್ಲಿ ಬಸವನ ಹುಳದ ಆಕಾರದ ಒಂದು ಭಾಗ ಇದೆ. ಅದರಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ಜೀವಕೋಶಗಳಿವೆ. ಜೋರು ಸದ್ದಿಗೆ ಅವು ಸಾಯುತ್ತವೆ. ಮನುಷ್ಯರಲ್ಲಿ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆ ಭಾಗದಿಂದ ಬರಬೇಕಾದ ಸದ್ದು ಬಾರದೆ ಹೋದಾಗ ಮಿದುಳು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ. ಹಾಗೆ ಏರಿಸಿಕೊಂಡಾಗ ಇಲ್ಲದ ಸದ್ದೂ ಕೇಳತೊಡಗುತ್ತದೆ. ಪೂರ್ತಿ ನಿಶ್ಶಬ್ದ ಇದ್ದರೆ ಇನ್ನೂ ಜಾಸ್ತಿ. ಅದಕ್ಕೇ ರಾತ್ರಿ ಅಷ್ಟು ಕಾಟ.

ಆಮೇಲೆ 25 ಪ್ರಶ್ನೆಗಳ ಒಂದು ಹಾಳೆ ಕೊಟ್ಟರು, ಕನ್ನಡದಲ್ಲೇ ಇತ್ತು. ಸದ್ದಿನಿಂದ ನಿದ್ದೆಗೆ ತೊಂದರೆಯಾ, ಸಿಟ್ಟು ಬರುತ್ತಾ, ಮನೆಯವರ ಜೊತೆ ಬೇಸರ ಆಗುತ್ತಾ, ಇದರಿಂದ ಬಿಡುಗಡೆಯೇ ಇಲ್ಲ ಅನಿಸುತ್ತಾ, ಹೀಗೆ. ಹೌದು ಅಂದರೆ 4, ಒಮ್ಮೊಮ್ಮೆ ಅಂದರೆ 2, ಇಲ್ಲ ಅಂದರೆ 0. ಒಟ್ಟು ನೂರಕ್ಕೆ ನನಗೆ 58 ಬಂತು. ತೀವ್ರ ತೊಂದರೆ ಅನ್ನುವ ಸಾಲಿಗೆ ಸೇರಿತು. ಹೋದ ತಿಂಗಳು ಅದೇ ಹಾಳೆ ಮತ್ತೆ ತುಂಬಿಸಿದರು, 28 ಬಂತು. ಅಂದರೆ ಈಗ ಸಣ್ಣ ಪ್ರಮಾಣದ ತೊಂದರೆ. ಸೀಟಿ ಇದೆ, ಆದರೆ ನನ್ನ ದಿನವನ್ನು ಅದು ಆಳುತ್ತಿಲ್ಲ.

ಇದು ಹೇಗಾಯಿತು ಅಂದರೆ, ಮೊದಲನೆಯದು ಶ್ರವಣ ಯಂತ್ರ. ಕಿವಿ ಹಿಂದೆ ಕೂರುವ ಸಣ್ಣ ಮಿಷನ್, ತೆಳುವಾದ ತಂತಿ, ಕಿವಿಯೊಳಗೆ ತೂತು ತೂತಾದ ಮೆತ್ತನೆಯ ರಬ್ಬರ್ ತುದಿ. ಈ ತೂತುಗಳು ಇರುವುದು ಮುಖ್ಯ. ನಮ್ಮ ದೊಡ್ಡಪ್ಪನವರಿಗೆ ಹಿಂದೆ ಒಂದು ಅಂಗಡಿಯವರು ಕಿವಿ ಪೂರ್ತಿ ಮುಚ್ಚುವ ಗಟ್ಟಿ ಅಚ್ಚು ಕೊಟ್ಟಿದ್ದರು. ಹಾಕಿಕೊಂಡರೆ ಕೊಡದೊಳಗೆ ತಲೆ ಇಟ್ಟು ಮಾತಾಡಿದ ಹಾಗಾಗುತ್ತೆ ಅಂತ ಬೀರುವಿನಲ್ಲಿ ಇಟ್ಟುಬಿಟ್ಟರು. ನನ್ನ ಹಾಗೆ ದಪ್ಪ ಸದ್ದು ಚೆನ್ನಾಗಿ ಕೇಳುತ್ತಾ ತೆಳು ಸದ್ದು ಮಾತ್ರ ಕೇಳದವರಿಗೆ ಈ ತೂತಿನ ತುದಿ ಸರಿಹೋಗುತ್ತದೆ, ಕಿವಿ ಕಟ್ಟಿದ ಹಾಗೆ ಆಗುವುದಿಲ್ಲ. ಕೇಳುವ ಶಕ್ತಿ ಪೂರಾ ಕಡಿಮೆಯಾದವರಿಗೆ ಅಚ್ಚೇ ಬೇಕಾಗಬಹುದು.

ಕೊಳ್ಳುವ ಮೊದಲು ಡೆಪಾಸಿಟ್ ಇಟ್ಟುಕೊಂಡು ಒಂದು ವಾರ ಮನೆಗೆ ಕೊಟ್ಟರು. ಈ ಸೌಲಭ್ಯ ಇಲ್ಲದ ಕಡೆ ಯಾರೂ ಮಿಷನ್ ಕೊಳ್ಳಬೇಡಿ ಅಂತ ನಾನು ಹೇಳುತ್ತೇನೆ. ಕ್ಲಿನಿಕ್ ಕೋಣೆಯಲ್ಲಿ ಎಲ್ಲಾ ಚೆನ್ನಾಗಿಯೇ ಕೇಳುತ್ತೆ. ಮನೆಯಲ್ಲಿ ಕುಕ್ಕರ್ ಸೀಟಿ, ಮೊಮ್ಮಗನ ಕಿರುಚಾಟ, ಗಡಿಯಾರದ ಕಂಬದ ಹತ್ತಿರದ ಟ್ರಾಫಿಕ್, ಮದುವೆ ಮನೆಯ ಮೈಕ್ ಇವೆಲ್ಲಾ ದಾಟಿದ ಮೇಲೆ ಗೊತ್ತಾಗುವುದು. ಮೊದಲ ಎರಡು ದಿನ ಪಾತ್ರೆ ಸದ್ದಿಗೆ ಬೆಚ್ಚಿ ಬೀಳುತ್ತಿದ್ದೆ. ಹೋಗಿ ಹೇಳಿದೆ, ಕಂಪ್ಯೂಟರಿಗೆ ಜೋಡಿಸಿ ಕಡಿಮೆ ಮಾಡಿಕೊಟ್ಟರು. ಹೊರಗಿನ ಸದ್ದು ಮಿದುಳಿಗೆ ಸರಿಯಾಗಿ ಸಿಗತೊಡಗಿದ ಮೇಲೆ ಒಳಗಿನ ಸೀಟಿ ತಾನಾಗಿ ಹಿಂದೆ ಸರಿಯಿತು. ಮಿಷನ್ ಹಾಕಿಕೊಂಡಿರುವಾಗ ಗಂಟೆಗಟ್ಟಲೆ ನೆನಪೇ ಆಗುವುದಿಲ್ಲ.

ನನ್ನದು ಸಣ್ಣ ಗುಂಡು ಬ್ಯಾಟರಿಯದು, 312 ಅನ್ನುವ ಸೈಜು. ಬೆನ್ನಿನ ಮೇಲೆ ಕಂದು ಬಣ್ಣದ ಸ್ಟಿಕರ್ ಇರುತ್ತದೆ. ಅದನ್ನು ಕಿತ್ತ ಕೂಡಲೇ ಗಾಳಿ ತಾಗಿ ಬ್ಯಾಟರಿ ಕೆಲಸ ಶುರು ಮಾಡುತ್ತದೆ. ಮತ್ತೆ ಅಂಟಿಸಿದರೆ ಉಳಿತಾಯ ಆಗುವುದಿಲ್ಲ. ರಾತ್ರಿ ಮಿಷನ್ ಬಿಚ್ಚಿ ಬ್ಯಾಟರಿ ಬಾಗಿಲು ತೆರೆದು, ತೇವ ಹೀರುವ ಹರಳಿನ ಡಬ್ಬಿಯಲ್ಲಿ ಇಡಬೇಕು. ಗಿರಣಿಯಲ್ಲಿ ಮಾತ್ರ ಹಾಕಿಕೊಳ್ಳುವುದಿಲ್ಲ. ಹಿಟ್ಟಿನ ಧೂಳು ಮೈಕಿನ ತೂತಿಗೆ ಸೇರುತ್ತದೆ, ಮೇಲಾಗಿ ಅಲ್ಲಿ ನನಗೆ ಬೇಕಿರುವುದು ಸದ್ದು ತಡೆಯುವುದು.

ಎರಡನೆಯದು ರಾತ್ರಿಯ ವ್ಯವಸ್ಥೆ. ಕೋಣೆಯನ್ನು ಪೂರ್ತಿ ನಿಶ್ಶಬ್ದ ಮಾಡಬೇಡಿ ಅಂದರು. ಮಳೆ, ಹೊಳೆ ಹರಿಯುವ ಸದ್ದು ಫೋನಿನಲ್ಲಿ ಹಾಕಿಕೊಳ್ಳಬಹುದು. ನನಗೆ ಹಳೆಯ ಟೇಬಲ್ ಫ್ಯಾನೇ ಹಿತ. ಗೋಡೆ ಕಡೆ ತಿರುಗಿಸಿ ಇಟ್ಟರೆ ಚಳಿಗಾಲದಲ್ಲೂ ಓಡಿಸಬಹುದು. ಇಲ್ಲಿ ಒಂದು ಸೂಕ್ಷ್ಮ ಇದೆ. ಸೀಟಿಯನ್ನು ಮುಳುಗಿಸುವಷ್ಟು ಜೋರು ಇಡಬಾರದು. ಸೀಟಿ ಸ್ವಲ್ಪ ಕೇಳುತ್ತಲೇ ಇರಬೇಕು, ಜೊತೆಗೆ ಈ ಸದ್ದೂ ಇರಬೇಕು. ಆಗ ಮಿದುಳು ಸೀಟಿಯನ್ನು ಅಪಾಯ ಅಂದುಕೊಳ್ಳುವುದನ್ನು ನಿಧಾನವಾಗಿ ಬಿಡುತ್ತದೆ. ಮೂರು ನಾಲ್ಕು ದಿನದಲ್ಲಿ ಆಗುವ ಕೆಲಸ ಅಲ್ಲ, ತಿಂಗಳುಗಳು ಬೇಕು. ಇದನ್ನೂ ಮೊದಲೇ ಹೇಳಿದ್ದರಿಂದ ನಾನು ಕೈಬಿಡಲಿಲ್ಲ.

ಮೂರನೆಯದು ಮಾತು. ಆ ಹುಡುಗಿ ನನ್ನ ಎದುರು ಕೂತು ಅರ್ಧ ಗಂಟೆ ಮಾತಾಡುತ್ತಿದ್ದರು. ಸದ್ದು ಇದೆಯಾ, ಜಾಸ್ತಿ ಆಯಿತಾ ಅಂತ ಪದೇ ಪದೇ ಕಿವಿಗೊಟ್ಟು ನೋಡಬೇಡಿ, ನೋಡಿದಷ್ಟೂ ಬಲಿಯುತ್ತೆ ಅಂದರು. ಸದ್ದು ಶುರುವಾದಾಗ ಮನಸ್ಸಿಗೆ ಯಾವ ಯೋಚನೆ ಬರುತ್ತೆ ಅಂತ ಕೇಳುತ್ತಿದ್ದರು. ಕಿವುಡಿ ಆಗಿಬಿಡುತ್ತೇನೆ, ಮಗ ಸೊಸೆಗೆ ಭಾರ ಆಗುತ್ತೇನೆ ಅಂತ ನಾನು ಅವರ ಮುಂದೆ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಸದ್ದಿಗೆ ಹೊಂದಿಕೊಳ್ಳಲು ಮನಸ್ಸಿಗೆ ಕೊಡುವ ಇಂಥ ತರಬೇತಿಗೇ ಇವತ್ತಿಗೆ ಒಳ್ಳೆಯ ಆಧಾರ ಇರುವುದಂತೆ. ಸದ್ದನ್ನು ನಿಲ್ಲಿಸುತ್ತೆ ಅಂತ ಸಾಬೀತಾದ ಮಾತ್ರೆ ಒಂದೂ ಇಲ್ಲ. ಫೋನಿನಲ್ಲಿ ಬರುವ ಜಾಹೀರಾತು ನೋಡಿ ನಮ್ಮ ಮೈದುನ ತರಿಸಿದ ಡ್ರಾಪ್ಸ್, ಯಾರೋ ಹೇಳಿದ ಗಿಂಕ್ಗೊ ಅನ್ನುವ ಗಿಡಮೂಲಿಕೆ ಮಾತ್ರೆ ಎರಡನ್ನೂ ತೋರಿಸಿದೆ. ಈ ದುಡ್ಡು ಉಳಿಸಿ ಅಂದರು ಡಾಕ್ಟರ್. ತಾವೇ ಬೇರೆ ಮಾತ್ರೆ ಬರೆದುಕೊಡಬಹುದಿತ್ತು, ಬರೆಯಲಿಲ್ಲ. ಅಲ್ಲಿ ನನಗೆ ಅವರ ಮೇಲೆ ಗೌರವ ಹುಟ್ಟಿತು.

ಗಿರಣಿಯಲ್ಲಿ ಕಿವಿಗೆ ಹಾಕಿಕೊಳ್ಳಲು ಫೋಮ್ ಬಿರಡೆ ಕೊಡಿಸಿದರು. ಹಾಕಿಕೊಳ್ಳುವ ಕ್ರಮವನ್ನೂ ಕಲಿಸಿದರು. ಬೆರಳಲ್ಲಿ ಹೊಸೆದು ಬತ್ತಿಯಷ್ಟು ತೆಳು ಮಾಡಬೇಕು. ಇನ್ನೊಂದು ಕೈಯಲ್ಲಿ ಕಿವಿಯನ್ನು ಮೇಲೆ ಹಿಂದಕ್ಕೆ ಎಳೆದು ಹಿಡಿದು ಒಳಗೆ ತೂರಿಸಬೇಕು. ಅದು ಉಬ್ಬುವವರೆಗೂ ಬೆರಳು ತೆಗೆಯಬಾರದು. ಸುಮ್ನೆ ಕಿವಿಯ ಬಾಯಲ್ಲಿ ಸಿಕ್ಕಿಸಿಕೊಂಡರೆ ಏನೂ ತಡೆಯುವುದಿಲ್ಲ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು, ಅದಕ್ಕಿಂತ ಮೂರು ಡೆಸಿಬಲ್ ಏರಿದರೆ ಹೊತ್ತು ಅರ್ಧಕ್ಕೆ ಇಳಿಯುತ್ತೆ ಅಂತ ಲೆಕ್ಕ. ಮಗ ಫೋನಿನಲ್ಲಿ ಅಳೆದು ನೋಡಿದ. ಖಾರದ ಮಿಷನ್ ಪಕ್ಕ 94ರ ಹತ್ತಿರ ತೋರಿಸಿತು. ಫೋನಿನ ಅಳತೆ ಪಕ್ಕಾ ಇರುವುದಿಲ್ಲ, ಗೊತ್ತು. ಆದರೂ ಆ ಲೆಕ್ಕದಲ್ಲಿ ಅಲ್ಲಿ ನಿಲ್ಲಬಹುದಾದದ್ದು ಒಂದೇ ಗಂಟೆ! ಒಂದು ಕೈ ದೂರದಲ್ಲಿ ಇರುವವರಿಗೆ ಕೂಗಿ ಹೇಳಬೇಕಾದರೆ ಆ ಜಾಗದ ಸದ್ದು ಕಿವಿಗೆ ಕೆಟ್ಟದ್ದು ಅಂತ ತಿಳಿಯಿರಿ. ಈಗ ಮಗನೂ, ಕೆಲಸಕ್ಕೆ ಬರುವ ಹುಡುಗನೂ ಬಿರಡೆ ಇಲ್ಲದೆ ಮಿಷನ್ ಆನ್ ಮಾಡುವುದಿಲ್ಲ.

ಇನ್ನೊಂದು ಸಂಗತಿ ಬರೆಯದೆ ಇರಲಾರೆ. ನಾನು ಕಾಯುತ್ತಿದ್ದಾಗ ಹರಿಹರದ ಕಡೆಯ ಮೇಷ್ಟ್ರೊಬ್ಬರು ಬಂದರು. ಹಿಂದಿನ ದಿನ ಬೆಳಿಗ್ಗೆ ಏಳುವಾಗ ಎಡಗಿವಿ ಕಟ್ಟಿತ್ತಂತೆ, ಸದ್ದೂ ಶುರುವಾಗಿತ್ತಂತೆ. ಗುಗ್ಗೆ ಇರಬೇಕು, ತೆಗೆಸಿಕೊಂಡು ಹೋಗೋಣ ಅಂತ ಬಂದಿದ್ದರು. ವಿಷಯ ಕೇಳಿದ ಕೂಡಲೇ ಒಳಗಿನಿಂದ ಕರೆ ಬಂತು, ನಮ್ಮೆಲ್ಲರಿಗಿಂತ ಮೊದಲು. ಅವರ ಕಿವಿಯಲ್ಲಿ ಗುಗ್ಗೆ ಇರಲಿಲ್ಲ. ಒಳಗಿವಿಯ ಶಕ್ತಿ ದಿಢೀರನೆ ಇಳಿದಿತ್ತು. ಅವತ್ತೇ ಟೆಸ್ಟ್ ಮಾಡಿ ಅವತ್ತೇ ಸ್ಟಿರಾಯ್ಡ್ ಮಾತ್ರೆ ಶುರು ಮಾಡಿದರು. ಇದಕ್ಕೆ ಎಷ್ಟು ಬೇಗ ಔಷಧ ಸಿಕ್ಕರೆ ಅಷ್ಟು ಒಳ್ಳೆಯದು, ಮೊದಲ ಎರಡು ವಾರ ಕಳೆದರೆ ವಾಪಸ್ ಬರುವ ಸಾಧ್ಯತೆ ಕಡಿಮೆಯಾಗುತ್ತದೆ. ಆಮೇಲೆ ಒಂದು ಸಲ ಅವರು ಅಲ್ಲೇ ಸಿಕ್ಕಿದ್ದರು, ಮುಕ್ಕಾಲು ಪಾಲು ಕೇಳುತ್ತಿದೆ ಅಂದರು. ಆದ್ದರಿಂದ ಒಂದೇ ಕಿವಿ ಇದ್ದಕ್ಕಿದ್ದ ಹಾಗೆ ಕಟ್ಟಿದರೆ, ನೆಗಡಿಯೂ ಇಲ್ಲದಿದ್ದರೆ, ನಾಳೆ ನೋಡೋಣ ಅನ್ನಬೇಡಿ. ಸದ್ದು ಒಂದೇ ಕಿವಿಯಲ್ಲಿ ಇದ್ದರೂ, ನಾಡಿ ಬಡಿದ ಹಾಗೆ ಬರುತ್ತಿದ್ದರೂ, ಜೊತೆಗೆ ತಲೆ ಸುತ್ತು ಇದ್ದರೂ ತೋರಿಸಲೇಬೇಕು. ಕೆಲವರಿಗೆ ಸ್ಕ್ಯಾನ್ ಬೇಕಾಗುತ್ತದೆ.

ನೆಗಡಿಯಿಂದ ಕಿವಿ ಕಟ್ಟುವುದು ಬೇರೆ ಬಗೆ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ಕೊಳವೆ ಊದಿಕೊಂಡು ಮುಚ್ಚಿರುತ್ತದೆ. ನಮ್ಮನೆಯವರಿಗೆ ಇದೇ ತೊಂದರೆ. ಆಕಳಿಸಿ, ಎಂಜಲು ನುಂಗಿ, ಮೂಗು ಹಿಡಿದು ಮೆಲ್ಲಗೆ ಊದಿ ಅಂದರು, ಜೋರಾಗಿ ಬೇಡ. ಮೂಗು ಬಿಡಿಸುವ ಡ್ರಾಪ್ಸ್ ಒಂದು ವಾರದ ಒಳಗೆ ನಿಲ್ಲಿಸಬೇಕಂತೆ, ಇಲ್ಲದಿದ್ದರೆ ಅದರಿಂದಲೇ ಮೂಗು ಕಟ್ಟಲು ಶುರುವಾಗುತ್ತದೆ.

ಖರ್ಚು ಹೇಳುತ್ತೇನೆ. ಡಾಕ್ಟರ್ ಫೀಸು 400, ಎರಡು ಟೆಸ್ಟಿಗೆ ಸೇರಿ 900, ಗುಗ್ಗೆ ತೆಗೆದಿದ್ದಕ್ಕೆ 500 ಆಯಿತು. ಮಿಷನ್ ಒಂದಕ್ಕೆ 24,000. ಸದ್ಯ ಒಂದೇ ತಗೊಂಡಿದ್ದೇನೆ. ಇನ್ನೊಂದು ಯಾವಾಗ ಆಗುತ್ತೋ ಆಗ ತಗೊಳ್ಳಿ, ಸಾಲ ಮಾಡಬೇಡಿ ಅಂದರು. ಇದೂ ನಮಗೆ ಭಾರವೇ. ಕೈಯಲ್ಲಿ ಆಗದವರು ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗಕ್ಕೆ ಹೋಗಬಹುದು, ಬಾಪೂಜಿ ಆಸ್ಪತ್ರೆಯಲ್ಲೂ ಆ ವಿಭಾಗ ಇದೆ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಅರ್ಹರಿಗೆ ಶ್ರವಣ ಯಂತ್ರವೂ ಸಿಗುತ್ತದೆ. ಈ ಯೋಜನೆಯ ವಿಷಯ ನನಗೆ ಹೇಳಿದ್ದೇ ಇಲ್ಲಿನ ಆಡಿಯಾಲಜಿಸ್ಟ್.

ಈಗ ಅರ್ಧ ಅಂಕ ಕಳೆದಿದ್ದು ಯಾಕೆ ಅಂದರೆ, ಬರುವವರೆಲ್ಲ ಕಿವಿ ಕೇಳದವರು, ಆದರೆ ರಿಸೆಪ್ಷನ್‌ನಲ್ಲಿ ಕೂತ ಹುಡುಗ ಹೆಸರು ಕೂಗಿ ಕರೆಯುತ್ತಾನೆ. ಅದೂ ಮೆಲ್ಲಗೆ. ಪಕ್ಕದಲ್ಲಿ ಟಿವಿ ಬೇರೆ. ಬ್ಯಾಡಗಿಯಿಂದ ಬಂದಿದ್ದ ಒಬ್ಬ ಅಜ್ಜಿಗೆ ತಮ್ಮ ಹೆಸರು ಕರೆದಿದ್ದೇ ಕೇಳದೆ, ಸರದಿ ತಪ್ಪಿ ಮಧ್ಯಾಹ್ನದವರೆಗೂ ಕೂತಿದ್ದರು. ನನಗೆ ತುಂಬಾ ಸಂಕಟ ಆಯಿತು. ಗೋಡೆಗೆ ನಂಬರ್ ತೋರಿಸುವ ಒಂದು ಬೋರ್ಡ್ ಹಾಕಿ, ಟಿವಿ ಆರಿಸಿ ಅಂತ ಡಾಕ್ಟರಿಗೆ ಹೇಳಿದ್ದೇನೆ. ಬರೆದುಕೊಂಡಿದ್ದಾರೆ. ಟಿವಿ ಈಗ ಆರಿದೆ, ಬೋರ್ಡ್ ಇನ್ನೂ ಬಂದಿಲ್ಲ. ಲಿಫ್ಟ್ ಕೂಡ ಇಲ್ಲ. ತಲೆ ಸುತ್ತುವವರು ಮೆಟ್ಟಿಲು ಹತ್ತುವಾಗ ಜೊತೆಗೆ ಒಬ್ಬರು ಇರಲಿ.

ಹೋಗುವಾಗ ಹಳೆಯ ಆಡಿಯೋಗ್ರಾಮ್, ಅಂದರೆ ಕಿವಿ ಪರೀಕ್ಷೆಯ ಗೆರೆ ಇರುವ ಚೀಟಿ ಇದ್ದರೆ ತಗೊಂಡು ಹೋಗಿ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನೂ. ಸೋಮವಾರ ವಿಪರೀತ ಜನ. ಬುಧವಾರ, ಗುರುವಾರ ಬೆಳಿಗ್ಗೆ ಹೋದರೆ ಆಡಿಯಾಲಜಿಸ್ಟ್ ನಿಮಗೆ ಜಾಸ್ತಿ ಹೊತ್ತು ಕೊಡುತ್ತಾರೆ.